ಪುಸ್ತಕ ಹೊರುವ ಕೈಗಳು

(ಬೆಂಗಳೂರಿನ ಬಸವನಗುಡಿಯಲ್ಲಿ ಓದುಗರ ಬಳಗವೊಂದರ ಮುಂದೆ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಸಮಯವಿಲ್ಲದೆ ಅಂದು ಬಿಟ್ಟುಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಾವಿರ ವರ್ಷಗಳ ಹಿಂದಿನ ಸಂಗತಿಯೊಂದರಿಂದ ಮಾತು ಆರಂಭಿಸುತ್ತೇನೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ರನ್ನನಿಂದ 'ಅಜಿತಪುರಾಣ'ವನ್ನು ಬರೆಸಿದವಳೂ ಅವಳೇ. ಶಾಲೆಯಲ್ಲಿ ಈ ಪಾಠವನ್ನು ನಾವೆಲ್ಲ ದಾನದ ಕಥೆಯೆಂದು ಓದಿ ಮುಂದೆ ಹೋಗಿದ್ದೆವು. ಈಚಿನ ವರ್ಷಗಳಲ್ಲಿ ನನಗೆ ಅದು ಪ್ರಕಾಶನದ ಕಥೆಯಾಗಿ ಕಾಣುತ್ತಿದೆ. ತಾಳೆಗರಿಯನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಮೊನೆಯ ಲೇಖನಿಯಿಂದ ಅಕ್ಷರ ಕೊರೆದು, ಕೊರೆದ ಗೆರೆಗೆ ಮಸಿ ತೀಡಿ, ತೂತಿಗೆ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿದರೆ ಒಂದು ಪ್ರತಿಯಾಗುತ್ತಿತ್ತು. ಅಂಥ ಸಾವಿರ ಕಟ್ಟುಗಳಿಗಾಗಿ ಎಷ್ಟು ಮಂದಿ ಲಿಪಿಕಾರರು ಎಷ್ಟು ಕಾಲ ಕುಳಿತಿರಬೇಕು? ಆ ಪ್ರತಿಗಳು ಯಾವ ಬಸದಿಗೆ, ಯಾರ ಮನೆಗೆ ಹೋಗಬೇಕೆಂದು ಯಾರೋ ಯೋಚಿಸಿರಬೇಕು, ಯಾರೋ ಹೊತ್ತುಕೊಂಡು ಹೋಗಿ ಮುಟ್ಟಿಸಿರಬೇಕು. ಪೊನ್ನ ಆ ಕಾವ್ಯವನ್ನು ಬರೆದು ಆಗಲೇ ದಶಕಗಳು ಕಳೆದಿದ್ದವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅತ್ತಿಮಬ್ಬೆ ಮಾಡಿಸಿದ್ದು ಮರುಮುದ್ರಣ.

ಈಗ ಇಂದಿಗೆ ಬರೋಣ. ಕನ್ನಡದ ಹೊಸ ಕಥಾಸಂಕಲನವೊಂದರ ಮೊದಲ ಮುದ್ರಣ ಎಷ್ಟು ಪ್ರತಿಯೆಂದು ನಿಮಗೆ ಪರಿಚಯವಿರುವ ಯಾವ ಪ್ರಕಾಶಕರನ್ನಾದರೂ ಕೇಳಿ ನೋಡಿ. ಸಾವಿರ ಎಂದು ಹೇಳಿದರೆ ಅವರು ಧೈರ್ಯವಂತರು. ಐನೂರು ಎನ್ನುವವರೇ ಹೆಚ್ಚು. ಮುನ್ನೂರಕ್ಕೆ ನಿಲ್ಲಿಸುವವರನ್ನೂ ನಾನು ಬಲ್ಲೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಇಷ್ಟು ಜನರಿರುವ ಭಾಷೆಯಲ್ಲಿ ಯಂತ್ರದಿಂದ ಅಚ್ಚಾಗುವ ಪುಸ್ತಕ, ಕೈಯಿಂದ ಕೊರೆದ ಕಾಲದ ಒಂದು ಸಂಖ್ಯೆಯನ್ನು ದಾಟಲು ಇನ್ನೂ ಹೆಣಗುತ್ತಿದೆ. ಇದಕ್ಕೆ ಕಾರಣ ಓದುಗರಿಲ್ಲದಿರುವುದೇ ಎಂಬ ಮಾತನ್ನು ಮೂವತ್ತು ವರ್ಷಗಳಿಂದ ಪ್ರತಿ ಸಮಾರಂಭದಲ್ಲೂ ಕೇಳುತ್ತ ಬಂದಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಬರೆಯುವವರಿದ್ದಾರೆ, ಓದುವವರೂ ಇದ್ದಾರೆ. ಇವರಿಬ್ಬರ ನಡುವೆ ನಿಂತು ಪುಸ್ತಕವನ್ನು ತಿದ್ದುವ, ಹೊರುವ, ಮುಟ್ಟಿಸುವ, ಮುಗಿದುಹೋದಾಗ ಮತ್ತೆ ಅಚ್ಚಿಗೆ ತರುವ ಕೈಗಳು ಕಡಿಮೆಯಾಗುತ್ತಿವೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಕೈಗಳ ಬಗ್ಗೆ ಮಾತ್ರ.

ಹೊರುವವರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಮಾತು ಒಂದು ಕಾಲದಲ್ಲಿ ಅಕ್ಷರಶಃ ನಿಜವಾಗಿತ್ತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ಉತ್ತರ ಕರ್ನಾಟಕದ ಹಿರಿಯರು ಇಂದಿಗೂ ಹೇಳುತ್ತಾರೆ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಆ ಲೇಖಕರಿಗೆ ಪುಸ್ತಕ ಬರೆದರೆ ಕೆಲಸ ಅರ್ಧ ಮುಗಿದಂತೆ ಅಷ್ಟೆ, ಉಳಿದರ್ಧ ಕಾಲ್ನಡಿಗೆಯದು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡಿತು. ಓದುಗರು ಮೊದಲೇ ವರ್ಷದ ಚಂದಾ ಕಟ್ಟುತ್ತಿದ್ದರು, ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಈ ಏರ್ಪಾಡಿನ ಒಳಗಿರುವ ನಂಬಿಕೆಯನ್ನು ಗಮನಿಸಿ. ಯಾವ ಪುಸ್ತಕ ಬರುತ್ತದೆಂಬುದು ಓದುಗನಿಗೆ ಪೂರ್ತಿ ಗೊತ್ತಿರುವುದಿಲ್ಲ, ಆದರೆ ಆರಿಸುವವರ ಮೇಲೆ ಭರವಸೆಯಿರುತ್ತದೆ. ಆ ಭರವಸೆಯನ್ನು ಉಳಿಸಿಕೊಳ್ಳಬೇಕಾದರೆ ಆರಿಸುವವರು ನಿಜವಾಗಿಯೂ ಓದಬೇಕಾಗುತ್ತದೆ. ಗ್ರಂಥಮಾಲೆಯ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಕುಳಿತು ಹಸ್ತಪ್ರತಿ ನೋಡುತ್ತಿದ್ದುದರಿಂದಲೇ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಬರೆದ ಮೊದಲ ನಾಟಕ 'ಯಯಾತಿ' 1961ರಲ್ಲಿ ಅಲ್ಲಿಂದ ಹೊರಬಂತು. ಆ ಹುಡುಗ ಗಿರೀಶ ಕಾರ್ನಾಡ.

ಹಳೆಯ ಮೈಸೂರಿನ ಕಡೆಯೂ ಕರಾವಳಿಯಲ್ಲೂ ಹಲವು ಲೇಖಕರು ತಮ್ಮ ಪುಸ್ತಕದ ಹೊಣೆಯನ್ನು ತಾವೇ ಹೊತ್ತರು. ಕುವೆಂಪು ಅವರ ಕೃತಿಗಳು ಉದಯರವಿ ಪ್ರಕಾಶನದಿಂದ ಬಂದವು. ಮಾಸ್ತಿಯವರು ಜೀವನ ಕಾರ್ಯಾಲಯದ ಮೂಲಕ ಪ್ರಕಟಿಸಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು. ಪೂರ್ಣಚಂದ್ರ ತೇಜಸ್ವಿಯವರು 'ಪುಸ್ತಕ ಪ್ರಕಾಶನ' ಎಂಬ ಸರಳ ಹೆಸರಿಟ್ಟು, ಮುಖಪುಟದಿಂದ ಬೆಲೆಯವರೆಗೆ ಪ್ರತಿಯೊಂದರ ಮೇಲೂ ತಾವೇ ಕಣ್ಣಿಟ್ಟರು. ಲೇಖಕನೇ ಹಣ ಹಾಕಿ ಪುಸ್ತಕ ತರುವುದು ಅವಮಾನವೆಂದು ಕೆಲವು ಯುವ ಗೆಳೆಯರು ಭಾವಿಸಿರುವುದನ್ನು ಕಂಡಿದ್ದೇನೆ. ನಮ್ಮ ಪರಂಪರೆಯಲ್ಲಿ ಅದು ಅವಮಾನವಲ್ಲ. ಆದರೆ ಒಂದು ವ್ಯತ್ಯಾಸವಿದೆ. ಈ ಹಿರಿಯರು ಹಣವನ್ನಷ್ಟೇ ಹಾಕಲಿಲ್ಲ. ಕರಡು ನೋಡಿದರು, ಕಾಗದ ಆರಿಸಿದರು, ಅಂಗಡಿಯವರೊಂದಿಗೆ ಲೆಕ್ಕ ಮಾಡಿದರು, ಓದುಗರ ಕಾಗದಕ್ಕೆ ಉತ್ತರ ಬರೆದರು. ಇಂದು ಲೇಖಕರಿಂದ ಹಣ ಪಡೆಯುವ ಕೆಲವು ಕಡೆ ಹಣ ಮಾತ್ರ ಲೇಖಕರದು, ಉಳಿದ ಯಾವ ಕೆಲಸವೂ ಯಾರದ್ದೂ ಅಲ್ಲ. ಇನ್ನೂರು ಪ್ರತಿಗಳ ರಟ್ಟಿನ ಡಬ್ಬಗಳು ಲೇಖಕರ ಮನೆಯ ಮಂಚದ ಕೆಳಗೆ ಬಂದು ಕುಳಿತುಕೊಳ್ಳುತ್ತವೆ. ಬಿಡುಗಡೆಯ ದಿನ ಬಂದವರಿಗೆಲ್ಲ ಗೌರವ ಪ್ರತಿ ಹಂಚಲಾಗುತ್ತದೆ, ಅಲ್ಲಿಗೆ ಪುಸ್ತಕದ ಆಯುಸ್ಸು ಮುಗಿಯುತ್ತದೆ.

ಹೀಗಾಗಲು ದೊಡ್ಡ ಕಾರಣವೊಂದಿದೆ, ಅದನ್ನು ನೋಯಿಸುವ ಉದ್ದೇಶವಿಲ್ಲದೆ ಹೇಳುತ್ತೇನೆ. ನಮ್ಮ ಪ್ರಕಾಶನದ ಮುಖ ಓದುಗನಿಂದ ಗ್ರಂಥಾಲಯದ ಕಡೆಗೆ ತಿರುಗಿಬಿಟ್ಟಿತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಒಂದು ದೊಡ್ಡ ಕನಸಿನ ಕಾಯಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ಬೆಂಗಳೂರಿನಲ್ಲಿ ಮನೆಯಿರುವ ಪ್ರತಿಯೊಬ್ಬರೂ, ಒಂದು ಪುಸ್ತಕವನ್ನೂ ಓದದವರು ಕೂಡ, ಪ್ರತಿವರ್ಷ ಪುಸ್ತಕಕ್ಕಾಗಿ ಹಣ ಕೊಡುತ್ತಿದ್ದಾರೆ. ಹಳ್ಳಿಯ ಹುಡುಗಿಯೊಬ್ಬಳ ಕೈಗೆ ಕಥೆ ಕಾದಂಬರಿ ಸಿಕ್ಕಿದ್ದರೆ ಅದು ಬಹುಪಾಲು ಈ ಏರ್ಪಾಡಿನಿಂದಲೇ. ನಾನೂ ಹಾಗೆ ಓದಿ ಬೆಳೆದವನು, ಆದ್ದರಿಂದ ಗ್ರಂಥಾಲಯಗಳಿಗಾಗಿ ಸರ್ಕಾರ ಮಾಡುವ ಪುಸ್ತಕಗಳ ಸಗಟು ಖರೀದಿ ನಿಲ್ಲಬೇಕೆಂದು ನಾನೆಂದೂ ಹೇಳಲಾರೆ. ಆದರೆ ಒಂದು ಪುಸ್ತಕದ ಮುಖ್ಯ ಗಿರಾಕಿ ಒಬ್ಬನೇ ಆದಾಗ, ಪುಸ್ತಕ ಆ ಗಿರಾಕಿಯ ಅಳತೆಗೆ ಹೊಲಿದುಕೊಳ್ಳುತ್ತದೆ. ಖರೀದಿಯ ಬೆಲೆ ಪುಟಗಳ ಲೆಕ್ಕದಲ್ಲಿ ನಿಗದಿಯಾಗುವುದರಿಂದ, ನೂರು ಪುಟದಲ್ಲಿ ಮುಗಿಯಬೇಕಾದ ಬರಹ ಸಾಲುಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ನೂರೈವತ್ತಾಗುತ್ತದೆ. ಆಯ್ಕೆಗೆ ಕಳುಹಿಸುವ ಕೊನೆಯ ದಿನಾಂಕ ಹತ್ತಿರ ಬಂದಂತೆ ಚಿಕ್ಕಪೇಟೆ, ಚಾಮರಾಜಪೇಟೆಗಳ ಬೈಂಡರುಗಳ ಬಳಿ ಕಟ್ಟುಗಳು ರಾಶಿ ಬೀಳುತ್ತವೆ. ಆ ಅವಸರದಲ್ಲಿ ಎರಡನೆಯ ಕರಡು ನೋಡುವವರು ಯಾರೂ ಇರುವುದಿಲ್ಲ. ಖರೀದಿಯ ಹಣ ತಡವಾದರೆ ಸಣ್ಣ ಪ್ರಕಾಶಕರ ಮುಂದಿನ ನಾಲ್ಕು ಪುಸ್ತಕಗಳು ನಿಲ್ಲುತ್ತವೆ, ಲೇಖಕರ ಗೌರವಧನವಂತೂ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ.

ಅಂಗಡಿಯ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನೂರು ರೂಪಾಯಿಯ ಪುಸ್ತಕದಲ್ಲಿ ಮೂವತ್ತರಿಂದ ನಲವತ್ತು ರೂಪಾಯಿ ಮಾರುವವರ ಕಮಿಷನ್ನಿಗೆ ಹೋಗುತ್ತದೆ. ಲೇಖಕರಿಗೆ ವಾಡಿಕೆಯಂತೆ ಹತ್ತು ರೂಪಾಯಿ. ಉಳಿದದ್ದರಲ್ಲಿ ಕಾಗದ, ಅಚ್ಚು, ಬೈಂಡಿಂಗ್, ಸಾಗಣೆ, ಗೋದಾಮಿನ ಬಾಡಿಗೆ. ಇದರಲ್ಲಿ ಸಂಪಾದಕನ ಸಂಬಳಕ್ಕೆಂದು ಒಂದು ಸಾಲನ್ನು ಯಾರೂ ಬರೆಯುವುದಿಲ್ಲ. ಅಂಗಡಿಯವರ ಕಮಿಷನ್ನನ್ನು ನಾನು ಆಕ್ಷೇಪಿಸುವುದಿಲ್ಲ. ಗಾಂಧಿಬಜಾರಿನಂಥ ಕಡೆ ಬಾಡಿಗೆ ಕಟ್ಟಿ ಕವಿತೆಯ ಪುಸ್ತಕವನ್ನು ಕಪಾಟಿನಲ್ಲಿ ನಿಲ್ಲಿಸಿಕೊಳ್ಳುವವರು ಅದಕ್ಕೆ ಅರ್ಹರು. ಆ ಬರೆಯದ ಸಾಲೇ ನನ್ನ ಚಿಂತೆ.

ಆ ಸಾಲಿನ ಬೆಲೆ ನನಗೆ ಗೊತ್ತಾದದ್ದು ಚಾಮರಾಜಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ. ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಅಲ್ಲಿನ ಹಿರಿಯ ಕರಡು ತಿದ್ದುವವರೊಬ್ಬರಿಗೆ ಮೂಲಪ್ರತಿ ಓದಿ ಹೇಳುವ ಕೆಲಸ ನನಗೆ ಸಿಕ್ಕಿತ್ತು. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ನಾನು ಲೇಖಕರ ಕೈಬರಹವನ್ನು ಗಟ್ಟಿಯಾಗಿ ಓದಬೇಕು, ಅವರು ಅಚ್ಚಾದ ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಬರೀ ಪದಗಳನ್ನು ಓದಿದರೆ ಸಾಲದು. 'ಅಲ್ಪವಿರಾಮ', 'ಹೊಸ ಪ್ಯಾರಾ', 'ಒಂಟಿ ಉದ್ಧರಣ ಆರಂಭ', 'ಒಂಟಿ ಉದ್ಧರಣ ಮುಕ್ತಾಯ' ಎಂದು ಚಿಹ್ನೆಗಳನ್ನೂ ಹೇಳಬೇಕು. ಡೆಮಿ 1/8 ಆಕಾರದ 16 ಪುಟಗಳ ಒಂದು ಫಾರಂ ಮುಗಿಯಲು ಹೆಚ್ಚುಕಡಿಮೆ ಒಂದು ಬೆಳಗಿನ ಹೊತ್ತು ಹಿಡಿಯುತ್ತಿತ್ತು. ಹಗಲಿನಲ್ಲೂ ದೀಪ ಉರಿಯುತ್ತಿದ್ದ ಆ ಕೋಣೆಯಲ್ಲಿ ಸೀಮೆಎಣ್ಣೆಯಿಂದ ಅಚ್ಚುಮೊಳೆ ತೊಳೆದ ವಾಸನೆ, ಅಂಟಿನ ವಾಸನೆ. ಮೇಷ್ಟ್ರ ಬಲಗೈಯ ಹೆಬ್ಬೆರಳಿನ ಉಗುರು ಪೆನ್ಸಿಲ್ಲಿನ ಸೀಸದಿಂದ ಸದಾ ಬೂದು ಬಣ್ಣದ್ದಾಗಿರುತ್ತಿತ್ತು.

ಒಂದು ದಿನ ಕಾದಂಬರಿಯೊಂದರ ಹನ್ನೊಂದನೆಯ ಅಧ್ಯಾಯ ಓದುತ್ತಿದ್ದೆ. ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು. ಹಿಂದಿನ ಫಾರಂಗಳ ಕಟ್ಟನ್ನು ಬಿಚ್ಚಿ, ಎರಡನೆಯ ಅಧ್ಯಾಯದ ಪುಟವೊಂದನ್ನು ತೆಗೆದು ನನ್ನ ಮುಂದಿಟ್ಟರು.

"ಇಲ್ಲಿ ಬಾವಿ ಎಲ್ಲಿದೆ ಓದಪ್ಪ" ಎಂದರು.

"ಹಿತ್ತಲಲ್ಲಿ ಮೇಷ್ಟ್ರೆ, ನುಗ್ಗೆಮರದ ಪಕ್ಕ."

"ಈಗ ನೀನು ಓದಿದ್ದರಲ್ಲಿ?"

"ಜಗುಲಿ ಇಳಿದು ಬಾವಿಕಟ್ಟೆಗೆ ಹೋದಳು ಅಂತಿದೆ."

"ಜಗುಲಿ ಮನೆ ಮುಂದೆ ಇರುತ್ತೆ. ಒಂಬತ್ತು ಅಧ್ಯಾಯದಲ್ಲಿ ಬಾವಿ ಮುಂಬಾಗಿಲಿಗೆ ಬಂದುಬಿಟ್ಟಿದೆಯಲ್ಲ."

ಅಚ್ಚಿನ ತಪ್ಪು ಹಿಡಿಯುವುದಷ್ಟೇ ಅವರ ಕೆಲಸವಾಗಿತ್ತು, ಬಾವಿಯ ಜಾಗ ಅವರ ಹೊಣೆಯಲ್ಲ. ಆದರೂ ಅವರು ಅಂಚಿನಲ್ಲಿ 'ಬಾವಿ?' ಎಂದು ಸಣ್ಣದಾಗಿ ಬರೆದು, ಪುಟದ ಸಂಖ್ಯೆ ಗುರುತಿಸಿ, ಲೇಖಕರಿಗೆ ಕಳುಹಿಸಿದರು. ಆ ಲೇಖಕರು ಎರಡು ದಿನದ ಮೇಲೆ ತಾವೇ ಬಂದರು. ಆ ಬಾವಿಯಲ್ಲೇ ಕಥೆಯ ಹೆಣ್ಣುಮಗಳು ಕೊನೆಗೆ ಬೀಳುವವಳು. ಅದು ಹಿತ್ತಲಲ್ಲಿದ್ದರೆ ಯಾರೂ ನೋಡಲಿಲ್ಲವೆಂಬುದಕ್ಕೆ ಅರ್ಥವಿದೆ, ಮುಂಬಾಗಿಲಲ್ಲಿದ್ದರೆ ಇಡೀ ಬೀದಿ ನೋಡಿಯೂ ಸುಮ್ಮನಿತ್ತೆಂದಾಗುತ್ತದೆ. ಲೇಖಕರು ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಎರಡನೆಯ ಅಧ್ಯಾಯದ ಬಾವಿಯನ್ನು ಮನೆಯ ಮುಂದಕ್ಕೆ ತಂದರು. ಎರಡು ಪುಟಗಳ ಮೊಳೆ ಮತ್ತೆ ಜೋಡಿಸಬೇಕಾಯಿತು. ಕಾದಂಬರಿಯ ಅಂತ್ಯ ಮಾತ್ರ ಒಂದಕ್ಷರವೂ ಬದಲಾಗದೆ ಬೇರೆಯೇ ಆಗಿ ನಿಂತಿತು. ಎರಡನೆಯ ಓದು ಎಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಪೆನ್ಸಿಲ್ಲಿನ ಆ ಒಂದು ಪದ, ಅದರ ಮುಂದಿನ ಪ್ರಶ್ನಾರ್ಥಕ ಚಿಹ್ನೆ.

ಕನ್ನಡದಲ್ಲಿ ಸಂಪಾದಕ ಎಂದರೆ ಪತ್ರಿಕೆಯ ಸಂಪಾದಕ, ಇಲ್ಲವೇ ಹಳಗನ್ನಡ ಕಾವ್ಯವನ್ನು ಪಾಠಾಂತರ ನೋಡಿ ಶೋಧಿಸಿದ ವಿದ್ವಾಂಸ. ಹೊಸ ಕಾದಂಬರಿಗೂ ಸಂಪಾದಕ ಬೇಕೆಂಬ ಮಾತು ನಮ್ಮ ಕಿವಿಗೆ ಇನ್ನೂ ಹೊಸದು. ಬಹುಕಾಲ ಈ ಕೊರತೆಯನ್ನು ಪತ್ರಿಕೆಗಳು ತುಂಬಿದವು. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ, ವಾರಪತ್ರಿಕೆಯ ಧಾರಾವಾಹಿ, 'ಸಾಕ್ಷಿ', 'ಋಜುವಾತು', 'ದೇಶ ಕಾಲ'ದಂಥ ಸಾಹಿತ್ಯ ಪತ್ರಿಕೆಗಳು ಬರಹವನ್ನು ಅಚ್ಚಿಗೆ ಮುನ್ನ ಒಬ್ಬ ನುರಿತ ಓದುಗನ ಕಣ್ಣಿಗೆ ಒಡ್ಡುತ್ತಿದ್ದವು. ತಿರಸ್ಕೃತ ಕಥೆಯ ಜೊತೆ ಬರುತ್ತಿದ್ದ ನಾಲ್ಕು ಸಾಲಿನ ಕಾಗದದಿಂದ ಬರೆಯಲು ಕಲಿತವರು ಇಲ್ಲಿಯೂ ಕೆಲವರಿದ್ದೀರಿ. ಆ ಜಾಗಗಳು ಕಿರಿದಾದ ಮೇಲೆ ಬರಹ ಲೇಖಕನ ಮೇಜಿನಿಂದ ನೇರವಾಗಿ ಪುಸ್ತಕಕ್ಕೆ ನೆಗೆಯುತ್ತಿದೆ. ನಡುವೆ ಮುನ್ನುಡಿಯೊಂದು ಬರುತ್ತದೆ, ನಿಜ. ಆದರೆ ಮುನ್ನುಡಿ ಬರೆಯುವವರಿಗೆ ಹಸ್ತಪ್ರತಿ ತಲುಪುವ ಹೊತ್ತಿಗೆ ಬಿಡುಗಡೆಯ ದಿನ ಗೊತ್ತಾಗಿರುತ್ತದೆ. ಆಗ ದೋಷ ಕಂಡರೂ ಅವರು ಆಶೀರ್ವದಿಸಬಲ್ಲರೇ ಹೊರತು ತಿದ್ದಲಾರರು.

ನನ್ನದೇ ಒಂದು ಪುಸ್ತಕದ ವಿಷಯ ಹೇಳಬೇಕು. ಪುಸ್ತಕಗಳ ಬಗ್ಗೆ ನಾನು ಬರೆದ ಪ್ರಬಂಧಗಳ ಮೊದಲ ಸಂಕಲನ ಅಚ್ಚಾದಾಗ ಕರಡು ನನ್ನ ಕೈಗೆ ಬಂದದ್ದು ಒಂದು ಸಂಜೆ, ಮರುದಿನ ಬೆಳಿಗ್ಗೆ ಅದನ್ನು ಹಿಂತಿರುಗಿಸಬೇಕಿತ್ತು. ನನ್ನ ಬರಹ ನಾನೇ ಬರೆದದ್ದಲ್ಲವೇ ಎಂಬ ಧೈರ್ಯದಿಂದ ಮೇಲೆ ಮೇಲೆ ನೋಡಿ ಒಪ್ಪಿಗೆ ಕೊಟ್ಟೆ. ಹಳೆಯ ಫಾಂಟಿನಲ್ಲಿದ್ದ ಕಡತವನ್ನು ಅದಾದ ಮೇಲೆ ಯುನಿಕೋಡಿಗೆ ಬದಲಿಸಿದ್ದರು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕುಳಿತಿರುತ್ತದೆ. ಯುನಿಕೋಡಿನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ, ಅಕ್ಷರಕ್ಕೆ ಮೊದಲು ಬರಬೇಕು. ಬದಲಾವಣೆ ಸರಿಯಾಗಿ ಆಗದಿದ್ದರೆ ರಕಾರ ದಾರಿತಪ್ಪುತ್ತದೆ. ನನ್ನ ಪುಸ್ತಕದಲ್ಲಿ ಸೂರ್ಯ 'ಸೂಯರ್'ನಾಗಿದ್ದ, ವರ್ಷಗಳು 'ವಷರ್'ಗಳಾಗಿದ್ದವು, ಮೊದಲ ಪ್ರಬಂಧದ ಮೊದಲ ಸಾಲಿನಲ್ಲಿ ಕರ್ನಾಟಕ 'ಕನಾರ್ಟಕ'ವಾಗಿತ್ತು. ಬೈಂಡಿಂಗ್ ಮುಗಿದು ಬಂದ ಮೊದಲ ಪ್ರತಿಯನ್ನು ಬಿಚ್ಚಿ ಆ ಸಾಲು ಓದಿದಾಗ ಆದ ಸಂಕಟವನ್ನು ಇನ್ನೂ ಮರೆತಿಲ್ಲ. ಅಚ್ಚಿನ ಮನೆಯವರನ್ನು ದೂರುವುದು ಸುಲಭವಿತ್ತು, ಆದರೆ ಕೊನೆಯ ಕರಡನ್ನು ನೋಡಲೇಬೇಕೆಂದು ನಾನು ಪಟ್ಟು ಹಿಡಿಯಲಿಲ್ಲ. ತಪ್ಪು-ಸರಿಗಳ ಪಟ್ಟಿಯಾದ ಒಪ್ಪೋಲೆಯೊಂದನ್ನು ಅಚ್ಚು ಹಾಕಿಸಿ, ಮನೆಯಲ್ಲಿ ಎಲ್ಲರೂ ಕುಳಿತು ಪ್ರತಿಯೊಂದು ಪುಸ್ತಕದೊಳಗೂ ಅಂಟಿಸಿದೆವು. ಯಾವ ಲೇಖಕರು ಸಿಕ್ಕಿದರೂ ನಾನು ಮೊದಲು ಹೇಳುವ ಮಾತು ಒಂದೇ: ಪುಟವಿನ್ಯಾಸ ಮುಗಿದ ಮೇಲಿನ ಕರಡನ್ನು ಕಾಗದದ ಮೇಲೆ ತರಿಸಿಕೊಳ್ಳಿ, ಬೇರೆಯವರ ಕೈಲಿ ಓದಿಸಿ, ಬಳಿಕ ಸಹಿ ಹಾಕಿ.

ಸಹಿಯ ಮಾತು ಬಂದಿದ್ದರಿಂದ ಕರಾರಿನ ಬಗ್ಗೆಯೂ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮಲ್ಲಿ ಲೇಖಕ ಮತ್ತು ಪ್ರಕಾಶಕರ ನಡುವೆ ಕಾಗದಪತ್ರವೆಂದರೆ ಅಪನಂಬಿಕೆಯ ಗುರುತು ಎಂಬ ಭಾವನೆಯಿದೆ. ನಮ್ಮವರೇ ಅಲ್ಲವೇ, ಬಾಯಿಮಾತು ಸಾಕು ಎನ್ನುತ್ತೇವೆ. ನನಗೆ ತುಂಬ ಆಪ್ತರಾದ ಕಥೆಗಾರ್ತಿಯೊಬ್ಬರ ಒಳ್ಳೆಯ ಸಂಕಲನವೊಂದು ಹದಿನಾಲ್ಕು ವರ್ಷ ಎಲ್ಲಿಯೂ ಸಿಗುತ್ತಿರಲಿಲ್ಲ. ಮೊದಲು ಪ್ರಕಟಿಸಿದವರು ಮತ್ತೆ ಅಚ್ಚು ಹಾಕಲಿಲ್ಲ. ಹಕ್ಕು ಅವರದೇ ಎಂದು ಈಕೆ ಭಾವಿಸಿ, ಕೇಳಿದವರಿಗೆಲ್ಲ ಇಲ್ಲವೆನ್ನುತ್ತ ಬಂದರು. ಆ ಕಥೆಗಳನ್ನು ಓದಲೇಬೇಕಾದ ಒಂದು ತಲೆಮಾರು ಅವನ್ನು ಕಾಣದೆಯೇ ಕಾಲೇಜು ಮುಗಿಸಿತು. ಕೊನೆಗೆ ವಕೀಲರೊಬ್ಬರನ್ನು ಕೇಳಿದಾಗ ತಿಳಿದದ್ದು, ಬರವಣಿಗೆಯಲ್ಲಿ ಏನನ್ನೂ ಕೊಟ್ಟಿರದಿದ್ದುದರಿಂದ ಹಕ್ಕು ಒಂದು ದಿನವೂ ಈಕೆಯ ಕೈಬಿಟ್ಟು ಹೋಗಿರಲಿಲ್ಲ ಎಂಬುದು.

1957ರ ಕೃತಿಸ್ವಾಮ್ಯ ಕಾಯಿದೆ ಈ ವಿಷಯದಲ್ಲಿ ಲೇಖಕರ ಕಡೆಗೇ ವಾಲಿದೆ. ಅದರ 19ನೆಯ ಕಲಮಿನ ಪ್ರಕಾರ ಹಕ್ಕನ್ನು ಬರವಣಿಗೆಯಲ್ಲಿ, ಸಹಿ ಹಾಕಿ ಕೊಟ್ಟರೆ ಮಾತ್ರ ಅದು ವರ್ಗಾವಣೆಯಾಗುತ್ತದೆ. ಎಷ್ಟು ವರ್ಷಕ್ಕೆ ಎಂದು ಬರೆದಿರದಿದ್ದರೆ 5 ವರ್ಷಕ್ಕೆ ಎಂದು ತಿಳಿಯಬೇಕು. ಯಾವ ಪ್ರದೇಶಕ್ಕೆ ಎಂದು ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದ ಪಕ್ಷದಲ್ಲಿ, ಆ ಹಕ್ಕು ಲೇಖಕರಿಗೆ ಮರಳುತ್ತದೆ. 2012ರ ತಿದ್ದುಪಡಿಯಂತೆ, ಕರಾರಿನ ಹೊತ್ತಿಗೆ ಇಲ್ಲದ ಹೊಸ ಮಾಧ್ಯಮಕ್ಕೆ ಹೆಸರಿಸದೆ ಹಕ್ಕು ಹೋಗುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಕಾಗದದ ಪುಸ್ತಕಕ್ಕೆ ಒಪ್ಪಿದವರನ್ನು ಈಗ ಧ್ವನಿಪುಸ್ತಕಕ್ಕೂ ಒಪ್ಪಿದ್ದೀರಿ ಎಂದು ಯಾರಾದರೂ ಹೇಳಿದರೆ, ಆ ಹಳೆಯ ಕಾಗದವನ್ನು ತೆಗೆದು ಒಮ್ಮೆ ಓದಬೇಕು.

ಲೇಖಕರು ತೀರಿಕೊಂಡ ಮೇಲಿನ ವಿಷಯ ಇನ್ನೂ ಕಷ್ಟದ್ದು. ಹಕ್ಕು ಸಾವಿನ ನಂತರ 60 ವರ್ಷ ಇರುತ್ತದೆ. ಮೊದಲು ಅದು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಸಂದರ್ಭದಲ್ಲಿ 1992ರಲ್ಲಿ ಹತ್ತು ವರ್ಷ ಹೆಚ್ಚಿಸಿದರು. ಈ ಲೆಕ್ಕದಲ್ಲಿ 1963ರಲ್ಲಿ ತೀರಿಕೊಂಡ ರಾಷ್ಟ್ರಕವಿ ಗೋವಿಂದ ಪೈಗಳ ಕೃತಿಗಳು 2024ರ ಆರಂಭದಿಂದ ಎಲ್ಲರ ಸ್ವತ್ತಾಗಿವೆ. ಆದರೆ ಅಷ್ಟು ಕಾಲ ಕಾಯಲಾಗದ ನೂರಾರು ಸಣ್ಣ ಲೇಖಕರಿದ್ದಾರೆ. ಅವರ ಮಕ್ಕಳು ಬೇರೆ ಬೇರೆ ಊರು, ದೇಶಗಳಲ್ಲಿ ನೆಲೆಸಿರುತ್ತಾರೆ. ಯಾರ ಒಪ್ಪಿಗೆ ಕೇಳಬೇಕೆಂದು ತಿಳಿಯದೆ ಪ್ರಕಾಶಕರು ಕೈಬಿಡುತ್ತಾರೆ, ಪುಸ್ತಕ ಮರೆಯಾಗುತ್ತದೆ. ಮನೆ, ಸೈಟು, ಒಡವೆಗಳ ಬಗ್ಗೆ ಉಯಿಲು ಬರೆಯುವ ಲೇಖಕರು, ನನ್ನ ಬರಹಗಳ ಹೊಣೆ ಇಂಥವರದು ಎಂದು ಒಂದು ಸಾಲನ್ನು ಅದರಲ್ಲಿ ಸೇರಿಸಿದರೆ ಆ ಪುಸ್ತಕಗಳು ಉಳಿಯುತ್ತವೆ. ಇಲ್ಲಿ ಕುಳಿತಿರುವ ಹಿರಿಯ ಲೇಖಕರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ಇದೊಂದನ್ನು ಈ ವಾರವೇ ಮಾಡಿ.

ಅನುವಾದದ ಬಗ್ಗೆ ಒಂದೆರಡು ಮಾತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹಿಗ್ಗಿದೆವು. ಆ ಹಿಗ್ಗಿನಲ್ಲಿ ಒಂದು ವಿವರ ಹಿಂದೆ ಸರಿಯಿತು. ಪ್ರಶಸ್ತಿಯ 50,000 ಪೌಂಡುಗಳಲ್ಲಿ ಕಥೆಗಾರ್ತಿಗೆ ಅರ್ಧ, ಅನುವಾದಕಿ ದೀಪಾ ಭಾಸ್ತಿಯವರಿಗೆ ಸರಿಯಾಗಿ ಇನ್ನರ್ಧ. ಮೂರು ದಶಕಗಳಲ್ಲಿ ಬರೆದ ಕಥೆಗಳ ನಡುವಿನಿಂದ 12ನ್ನು ಆರಿಸಿ ಒಂದು ಪುಸ್ತಕದ ಮೈ ಕೊಟ್ಟವರು ಅನುವಾದಕಿ. ಅವರೊಬ್ಬ ಎರಡನೆಯ ಓದುಗರು ಕೂಡ. ಆ ಓದಿಗೆ ಹೊರಗಿನ ಲೋಕ ಲೇಖಕಿಯಷ್ಟೇ ಬೆಲೆ ಕೊಟ್ಟಿತು. ನಮ್ಮ ಪುಸ್ತಕಗಳ ಮೊದಲ ಪುಟಗಳಲ್ಲಿ ಮುಖಪುಟ ಕಲಾವಿದರ ಹೆಸರಿರುತ್ತದೆ, ಮುದ್ರಕರ ಹೆಸರಿರುತ್ತದೆ, ಎಷ್ಟು ಜಿಎಸ್‌ಎಂ ತೂಕದ ಕಾಗದವೆಂಬುದೂ ಇರುತ್ತದೆ. ಕರಡು ತಿದ್ದಿದವರ ಹೆಸರು ಇರುವುದು ಅಪರೂಪ. ಸಂಪಾದಿಸಿದವರ ಹೆಸರು ಅದಕ್ಕಿಂತ ಅಪರೂಪ. ಚಾಮರಾಜಪೇಟೆಯ ಮೇಷ್ಟ್ರು ಎಷ್ಟು ಪುಸ್ತಕಗಳನ್ನು ತಿದ್ದಿದರೋ ಲೆಕ್ಕವಿಲ್ಲ. ಅವರ ಹೆಸರು ಅಚ್ಚಾದ ಒಂದು ಪುಟವೂ ನನಗೆ ಇನ್ನೂ ಸಿಕ್ಕಿಲ್ಲ.

ಕೊನೆಯದಾಗಿ ಒಂದು ಪುಸ್ತಕವನ್ನು ನಿಮಗೆ ತೋರಿಸಬೇಕೆಂದು ತಂದಿದ್ದೇನೆ. ಇದು ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ನನಗೆ ಸಿಕ್ಕಿದ ಹಳೆಯ ಕಾದಂಬರಿ. ಬೆನ್ನು ಬಿಟ್ಟಿದೆ, ರಕ್ಷಾಪುಟ ಇಲ್ಲ. ಇದನ್ನು ಓದಿದ ಯಾರೋ ಒಬ್ಬರು ಮೊದಲ ಪುಟದಿಂದ ಕೊನೆಯವರೆಗೆ ಅಚ್ಚಿನ ತಪ್ಪುಗಳನ್ನೆಲ್ಲ ಪೆನ್ಸಿಲ್ಲಿನಿಂದ ತಿದ್ದಿದ್ದಾರೆ. ಬಿಟ್ಟುಹೋದ ಒತ್ತಕ್ಷರವನ್ನು ಸೇರಿಸಿದ್ದಾರೆ, ಎರಡು ಬಾರಿ ಅಚ್ಚಾದ ಸಾಲನ್ನು ಹೊಡೆದುಹಾಕಿದ್ದಾರೆ. ಒಂದು ಕಡೆ ಮಾವನ ಹೆಸರು ಅಳಿಯನಿಗೆ ಬಂದಿರುವುದನ್ನು ಗುರುತಿಸಿ 'ಇದು ರಾಯರಲ್ಲ, ಶೀನು' ಎಂದು ಬರೆದಿದ್ದಾರೆ. ಕೊನೆಯ ಖಾಲಿ ಹಾಳೆಯಲ್ಲಿ ಪುಟ ಮತ್ತು ಸಾಲಿನ ಸಂಖ್ಯೆ ಹಾಕಿ ಎರಡು ಕಂಬಸಾಲಿನಲ್ಲಿ ಪಟ್ಟಿ ಮಾಡಿದ್ದಾರೆ. ಯಾರಿಗೆ ಕಳುಹಿಸಬೇಕೆಂದು ಆ ಪಟ್ಟಿ ಮಾಡಿದರೋ, ಕಳುಹಿಸಿದರೋ ಇಲ್ಲವೋ ತಿಳಿಯದು. ಹೆಸರಿಲ್ಲ, ಊರಿಲ್ಲ.

ಆ ಕಾದಂಬರಿಯನ್ನು ಮರುಮುದ್ರಿಸುವ ಯೋಚನೆ ಸಣ್ಣ ಪ್ರಕಾಶಕರೊಬ್ಬರಿಗೆ ಬಂದಾಗ ಈ ಪ್ರತಿಯನ್ನು ಅವರಿಗೆ ಕೊಟ್ಟೆ. ಪಟ್ಟಿಯಲ್ಲಿದ್ದ ತಿದ್ದುಪಡಿಗಳನ್ನು ಒಂದೊಂದಾಗಿ ಲೇಖಕರ ಮಗಳ ಜೊತೆ ಕುಳಿತು ನೋಡಿದೆವು. ಮೂರನ್ನು ಬಿಟ್ಟು ಉಳಿದವೆಲ್ಲ ಸರಿಯಾಗಿದ್ದವು. ಹೊಸ ಮುದ್ರಣ ಬಂದಿದೆ, ಹೊರಗಿನ ಮೇಜಿನ ಮೇಲೆ ಪ್ರತಿಗಳಿವೆ. ಅದರ ಅರಿಕೆಯಲ್ಲಿ ಪ್ರಕಾಶಕರು, ಕರಡು ತಿದ್ದಿದವರು ಎಂಬ ಸಾಲಿನ ಮುಂದೆ 'ಹೆಸರು ತಿಳಿಯದ ಓದುಗರೊಬ್ಬರು, ಅವೆನ್ಯೂ ರಸ್ತೆಯ ಪ್ರತಿ' ಎಂದು ಅಚ್ಚು ಹಾಕಿಸಿದ್ದಾರೆ.